ಲವ ಎಲ್ಲಿ?

ಎರಡನೇ ಸಲ ಬಸುರಿ ಅಂತ ಗೊತ್ತಾದ ಮೇಲೆ ಜನ ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮ ಇರುತ್ತೆ. ಮೊದಲು "ಎಷ್ಟು ತಿಂಗಳು?" ಆಮೇಲೆ "ಮೊದಲನೇದು ಏನು?" ಹೆಣ್ಣು ಅಂದರೆ "ಈ ಸಲ ಗಂಡಾಗ್ಲಿ ಬಿಡಿ" ಅನ್ನುವ ಆಶೀರ್ವಾದ, ನಾವು ಕೇಳದಿದ್ದರೂ. ಏಳನೇ ತಿಂಗಳು ದಾಟುವ ಹೊತ್ತಿಗೆ ಕೊನೆಯ ಪ್ರಶ್ನೆ ಬರುತ್ತೆ: "ಹೆಸರು ನೋಡಿದ್ದೀರಾ? ದೊಡ್ಡವಳ ಹೆಸರಿಗೆ ಹೊಂದೋ ಹಾಗೆ ಇಡಿ ಮತ್ತೆ."

ಹೊಂದೋ ಹಾಗೆ. ಈ ಮಾತನ್ನ ನಮ್ಮತ್ತೆ ಹೇಳಿದರು, ಅಮ್ಮ ಹೇಳಿದಳು, ಮಹಡಿ ಮೇಲಿನ ಮನೆಯವರು ಹೇಳಿದರು, ತರಕಾರಿ ಗಾಡಿಯವನೂ ಹೇಳಿದ. ನಾದಿನಿಯಂತೂ ವಾಟ್ಸಾಪ್‌ನಲ್ಲಿ ಪಟ್ಟಿಯನ್ನೇ ಕಳಿಸಿದಳು. ಗಂಡಾದರೆ ಹದಿನಾಲ್ಕು, ಹೆಣ್ಣಾದರೆ ಹತ್ತೊಂಬತ್ತು, ಎಲ್ಲವೂ ದೊಡ್ಡವಳ ಹೆಸರಿನ ಮೊದಲ ಅಕ್ಷರದಿಂದಲೇ ಶುರು. "ಅತ್ತಿಗೆ, ಇದ್ರಲ್ಲಿ ಯಾವ್ದಾದ್ರೂ ಒಂದು ಫೈನಲ್ ಮಾಡಿ. ಕಿವಿಯಲ್ಲಿ ಹೆಸರು ಹೇಳೋಳು ನಾನು ತಾನೇ, ನಾಲಿಗೆ ತಿರುಗೋದನ್ನೇ ಹಾಕಿದೀನಿ" ಅಂತ ಕೆಳಗೊಂದು ಸಾಲು.

ದೊಡ್ಡವಳ ಹೆಸರನ್ನ ನಾನಿಲ್ಲಿ ಬರೆಯೋದಿಲ್ಲ. ಅವಳ ಹೆಸರು ಅವಳದು. ಎಲ್ಲಿ ಬರೆಯಬೇಕು, ಎಲ್ಲಿ ಬೇಡ ಅನ್ನೋದನ್ನ ದೊಡ್ಡವಳಾದ ಮೇಲೆ ಅವಳೇ ತೀರ್ಮಾನ ಮಾಡಲಿ. ಮನೆಯಲ್ಲಿ ನಾವು ಕರೆಯೋ ಹಾಗೆ ಪುಟ್ಟಿ ಅಂದುಕೊಳ್ಳಿ. ವಯಸ್ಸು ಆರು.

ಹೊಂದಿಸುವುದರಲ್ಲಿ ಎಷ್ಟೊಂದು ಬಗೆ ಇದೆ ನೋಡಿ. ನಮ್ಮ ಓರಗೆಯವರ ಮನೆಗಳಲ್ಲಿ ರಮೇಶ, ಸುರೇಶ, ಮಹೇಶ ಇದ್ದರು; ಬಾಲ ಒಂದೇ, ತಲೆ ಬೇರೆ. ಉಮಾ, ರಮಾ, ಸುಮಾ ಇದ್ದರು. ನದಿಗಳ ಮನೆಗಳಿದ್ದವು: ಗಂಗಾ, ತುಂಗಾ, ಕಾವೇರಿ. ಈಗ ಬಾಲಕ್ಕಿಂತ ತಲೆಗೆ ಬೆಲೆ ಜಾಸ್ತಿ, ಮೊದಲ ಅಕ್ಷರ ಒಂದೇ ಇರಬೇಕು. ಅದರ ಜೊತೆ ಪಂಚಾಂಗದ ಲೆಕ್ಕ ಬೇರೆ. ಅಶ್ವಿನಿಯಾದರೆ ಚು, ಚೆ, ಚೋ, ಲಾ. ರೋಹಿಣಿಯಾದರೆ ಓ, ವಾ, ವೀ, ವೂ. ಆರ್ದ್ರಾ ನಕ್ಷತ್ರದ ಮೂರನೇ ಪಾದಕ್ಕೆ 'ಙ' ಅಂತ ಇದೆ. ಆ ಅಕ್ಷರದಲ್ಲಿ ಒಂದು ಹೆಸರು ಹುಡುಕಿ ಕೊಡಿ ಅಂತ ನಮ್ಮತ್ತೆಯನ್ನ ಕೇಳಿದೆ. ಅವರು ನಕ್ಕು, "ಅದಕ್ಕೇ ಕಣಮ್ಮ, ನಕ್ಷತ್ರದ ಹೆಸರು ಕಿವಿಗೆ, ಕರೆಯೋ ಹೆಸರು ಬಾಯಿಗೆ. ಎರಡು ಮಕ್ಕಳ ಹೆಸರೂ ಒಂದೇ ಉಸಿರಲ್ಲಿ ಬರಬೇಕು. ಊಟಕ್ಕೆ ಕರೆಯೋಳಿಗೆ ಗೊತ್ತು ಅದರ ಕಷ್ಟ" ಅಂದರು. ಐದು ಮಕ್ಕಳನ್ನ ದಿನಕ್ಕೆ ಮೂರು ಸಲ ಊಟಕ್ಕೆ ಕರೆದ ಬಾಯಿ ಅದು. ಸುಲಭವಾಗಿ ತಳ್ಳಿಹಾಕೋ ಮಾತಲ್ಲ.

ಆದರೂ ನನಗೇನೋ ಕಸಿವಿಸಿ. ದೊಡ್ಡವಳಿಗೆ ಹೆಸರು ಹುಡುಕುವಾಗ ಇಡೀ ಕನ್ನಡ, ಇಡೀ ಸಂಸ್ಕೃತ ನಮ್ಮ ಮುಂದೆ ಹರಡಿಕೊಂಡಿತ್ತು. ರಾತ್ರಿ ಹನ್ನೊಂದರ ತನಕ ನಾನೂ ಇವರೂ ಕೂತು ಒಂದೊಂದು ಹೆಸರನ್ನ ಜೋರಾಗಿ ಕರೆದು ನೋಡ್ತಿದ್ವಿ. ಇನ್ನೂ ಹುಟ್ಟದ ಈ ಎರಡನೆಯದಕ್ಕೆ ಮಾತ್ರ ಯಾಕೆ ಒಂದೇ ಒಂದು ಅಕ್ಷರ? ಅಕ್ಕನ ಹಳೇ ಸ್ವೆಟರ್ ತೊಡಿಸ್ತೀವಿ, ಅಕ್ಕನ ತೊಟ್ಟಿಲಲ್ಲೇ ಮಲಗಿಸ್ತೀವಿ, ಸರಿ. ಹೆಸರನ್ನೂ ಅಕ್ಕನ ಅಳತೆಗೇ ಹೊಲಿಸಬೇಕಾ?

ಹೀಗೆ ಯೋಚಿಸುತ್ತಿರುವಾಗ ಪುಟ್ಟಿಯೇ ಒಂದು ಸಂಜೆ ಬಂದು ಹೊಟ್ಟೆಗೆ ಕೆನ್ನೆ ಆನಿಸಿ ಹೇಳಿದಳು: "ಅಮ್ಮಾ, ಪಾಪುಗೆ ನನ್ನ ಹೆಸರಿನ ಥರಾನೇ ಹೆಸರು ಇಡ್ಬೇಕು. ಇಲ್ಲಾಂದ್ರೆ ಅದು ನಮ್ಮನೇ ಪಾಪು ಅಂತ ಹೇಗ್ ಗೊತ್ತಾಗತ್ತೆ?" ಮಾರನೇ ದಿನ ಸ್ಕೂಲಿಂದ ಬಂದವಳು ಬ್ಯಾಗ್ ಎಸೆದು, "ಬೇಡ. ಆ ಅಕ್ಷರ ನಂದು. ಪಾಪುಗೆ ಬೇರೆ ತಗೊಳ್ಳಿ" ಅಂದಳು. ಅದರ ಮಾರನೇ ದಿನ ಮತ್ತೆ ಮೊದಲಿನ ರಾಗ. ನಾನು ನಗಲಿಲ್ಲ. ಮೊದಲ ದಿನ ಅವಳು ಕೇಳಿದ್ದು, ಬರೋದು ನನ್ನದಾಗಿರತ್ತಾ ಅಂತ. ಎರಡನೇ ದಿನ ಕೇಳಿದ್ದು, ಅದು ಬಂದ ಮೇಲೂ ನಾನು ನಾನಾಗಿಯೇ ಇರ್ತೀನಾ ಅಂತ. ಎರಡೂ ನ್ಯಾಯವಾದ ಪ್ರಶ್ನೆಗಳೇ.

ಆಗ ನನಗೆ ನೆನಪಾದವನು ನನ್ನ ಸೋದರಮಾವ.

ಮಾವನ ಹೆಸರು ಕುಶ. ತಿಪಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮ ತಾತನಿಗೆ ಮೊದಲು ಹುಟ್ಟಿದ ಗಂಡುಮಗುವಿಗೆ ಲವ ಅಂತ ಹೆಸರಿಟ್ಟರು. ಎರಡು ವರ್ಷ ಬಿಟ್ಟು ಇನ್ನೊಂದು ಗಂಡಾಯಿತು. ಅದಕ್ಕೇನು ಹೆಸರಿಡಬೇಕು ಅಂತ ಯಾರೂ ಕೂತು ಯೋಚಿಸಲಿಲ್ಲ. ಅದು ಹುಟ್ಟೋ ಮುಂಚೆಯೇ ಹೆಸರು ಕಾದಿತ್ತು. ಲವನಿಗೆ ಏಳು ವರ್ಷವಾದಾಗ ಜ್ವರ ಬಂತು. ಮೂರು ದಿನ. ಎತ್ತಿನ ಗಾಡಿ ಕಟ್ಟಿಕೊಂಡು ತಿಪಟೂರು ಮುಟ್ಟುವಷ್ಟರಲ್ಲಿ ಮುಗಿದಿತ್ತು. ತೋಟದ ಬದುವಿನಲ್ಲಿ, ತೆಂಗಿನ ಸಾಲು ಮುಗಿಯುವ ಕಡೆ ಮಣ್ಣು ಮಾಡಿದರು.

ಆಮೇಲೆ ಉಳಿದದ್ದು ಕುಶ. ಕುಶ ಅನ್ನುವ ಹೆಸರನ್ನ ಒಂಟಿಯಾಗಿ ಕೇಳಿ ಸುಮ್ಮನಿರೋಕೆ ನಮ್ಮ ಜನಕ್ಕೆ ಆಗೋದೇ ಇಲ್ಲ. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಕೇಳಿದರು, "ಲವ ಎಲ್ಲೋ?" ಕೆಲಸಕ್ಕೆ ಸೇರಿದ ದಿನ ಹಾಜರಿ ಪುಸ್ತಕ ಹಿಡಿದವರು ಕೇಳಿದರು. ಮದುವೆ ಮಂಟಪದಲ್ಲಿ ಹೆಣ್ಣಿನ ಕಡೆಯವರು ಕೇಳಿ ನಕ್ಕರು. ಯಾರೂ ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ, ಅದೊಂದು ತಮಾಷೆ. ನಾನು ಚಿಕ್ಕವಳಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕೇಳಿದ್ದು, ಮಾವ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಊರಲ್ಲಿದ್ದಾನೆ" ಅಂದಿದ್ದ. ಸುಳ್ಳು ಅಂತ ನಾನು ಅಂದುಕೊಂಡೆ. ಎಷ್ಟೋ ವರ್ಷ ಆದ ಮೇಲೆ ಆ ತೋಟದ ಬದು ನೋಡಿದಾಗ, ಮಾವ ಅಪ್ಪಟ ನಿಜ ಹೇಳಿದ್ದ ಅಂತ ಗೊತ್ತಾಯಿತು.

ಈ ಎರಡು ಹೆಸರು ಬಂದ ಕಥೆಯನ್ನೇ ನೋಡಿ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಸೀತೆ ಅವಳಿ ಹೆತ್ತ ರಾತ್ರಿ ಮುನಿ ರಕ್ಷೆಗೆ ಅಂತ ದರ್ಭೆ ಕೊಡುತ್ತಾನೆ. ಮೊದಲು ಹುಟ್ಟಿದವನನ್ನ ಕುಶದಿಂದ ಒರೆಸಿ ಅಂತಾನೆ, ಅವನು ಕುಶ. ಆಮೇಲೆ ಹುಟ್ಟಿದವನನ್ನ ಅದರ 'ಲವ' ಅನ್ನುವ ಭಾಗದಿಂದ ಒರೆಸಿ ಅಂತಾನೆ, ಅವನು ಲವ. ಅಂದರೆ ಅಲ್ಲಿ ಕುಶನೇ ಅಣ್ಣ! ನಮ್ಮ ಬಾಯಲ್ಲಿ ಲವ-ಕುಶ ಅಂತ ತಿರುಗಿದೆ ಅಷ್ಟೆ. ಆ ಕಥೆಯಲ್ಲಿ ಯಾರ ಹೆಸರೂ ಇನ್ನೊಬ್ಬನ ಹೆಸರಿಗೆ ಬಾಲವಲ್ಲ. ಒಂದೇ ಹಿಡಿ ಹುಲ್ಲಿನಿಂದ ಒಂದೇ ರಾತ್ರಿ ಇಬ್ಬರಿಗೂ ಹೆಸರು ಬಂತು.

ಸೋಮದೇವನ ಕಥಾಸರಿತ್ಸಾಗರದಲ್ಲಿ ಬೇರೆಯೇ ಕಥೆ. ಅಲ್ಲಿ ಸೀತೆಗೆ ಹುಟ್ಟಿದವನು ಲವ ಒಬ್ಬನೇ. ಒಂದು ದಿನ ಅವಳು ಸ್ನಾನಕ್ಕೆ ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿರುತ್ತಾಳೆ. ಮುನಿ ಗುಡಿಸಲಿಗೆ ಬಂದು ನೋಡಿದರೆ ಮಗು ಇಲ್ಲ. ಕಾಡುಪ್ರಾಣಿ ಹೊತ್ತುಕೊಂಡು ಹೋಯಿತೇನೋ ಅಂತ ಗಾಬರಿಯಾಗಿ, ತಾಯಿ ಬಂದು ಎದೆ ಒಡೆದುಕೊಂಡಾಳು ಅಂತ, ದರ್ಭೆಯಿಂದ ಲವನ ಹಾಗೇ ಇರುವ ಇನ್ನೊಂದು ಮಗುವನ್ನ ಮಾಡಿ ಮಲಗಿಸುತ್ತಾನೆ. ಸೀತೆ ಲವನನ್ನ ಎತ್ತಿಕೊಂಡು ವಾಪಸ್ ಬರುತ್ತಾಳೆ. ಹಾಗೆ ಉಳಿದುಕೊಂಡವನು ಕುಶ. ಹರಿಕಥೆಗಳಲ್ಲಿ ಇದನ್ನ ಮುನಿಯ ಮಹಿಮೆ ಅಂತ ಹೇಳುತ್ತಾರೆ. ನನಗೆ ಮಾತ್ರ ಆ ಎರಡನೇ ಮಗುವಿನ ಪಾಡೇ ಕಾಣುತ್ತೆ. ಖಾಲಿಯಾಗಿದೆ ಅಂದುಕೊಂಡ ಜಾಗ ತುಂಬೋಕೆ ಅಂತ ಅವನನ್ನ ಮಾಡಿದ್ದು. ಆ ಜಾಗ ಖಾಲಿಯೇ ಆಗಿರಲಿಲ್ಲ. ಇನ್ನು ಅವನು ಯಾರು?

ನನ್ನ ಮಾವನ ಬದುಕು ಇದರ ತಿರುಗುಮುರುಗು. ಅವನಿಗೊಂದು ಜಾಗ ಇತ್ತು. ಪಕ್ಕದ ಜಾಗ ಖಾಲಿಯಾದ ಮೇಲೆ ಎಲ್ಲರೂ ಅವನ ಕಡೆ ನೋಡಿ ಆ ಖಾಲಿಯನ್ನೇ ಕಂಡರು.

ಹೊಂದುವ ಹೆಸರಿಗೂ ಬದುಕಿಗೂ ಸಂಬಂಧವಿಲ್ಲ ಅಂತ ನೀವು ಹೇಳಬಹುದು. ಮಹಾಭಾರತ ನಿಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತೆ. ಕಾಶಿರಾಜನಿಗೆ ಮೂವರು ಹೆಣ್ಣುಮಕ್ಕಳು: ಅಂಬೆ, ಅಂಬಿಕೆ, ಅಂಬಾಲಿಕೆ. ಒಂದೇ ಮಾತಿಗೆ ಬಾಲ ಹಚ್ಚುತ್ತಾ ಹೋದ ಹಾಗಿದೆ, ಮೂರರ ಒಳಗೂ ಇರೋದು ತಾಯಿ ಅನ್ನುವ ಅರ್ಥವೇ. ಸ್ವಯಂವರದಿಂದ ಮೂವರನ್ನೂ ಭೀಷ್ಮ ಒಂದೇ ರಥದಲ್ಲಿ ಎತ್ತಿಕೊಂಡು ಬಂದ. ಹೆಸರೂ ಒಂದೇ ಥರ, ರಥವೂ ಒಂದೇ. ಆದರೆ ಅಂಬೆ ನನ್ನ ಮನಸ್ಸು ಸಾಲ್ವನ ಹತ್ತಿರ ಇದೆ ಅಂತ ಬಾಯಿ ಬಿಟ್ಟಳು, ಎರಡೂ ಕಡೆ ಬೇಡವಾಗಿ ಬೆಂಕಿ ಹೊಕ್ಕಳು, ಶಿಖಂಡಿಯಾಗಿ ಬಂದು ಭೀಷ್ಮನ ಎದುರು ನಿಂತಳು. ಅಂಬಿಕೆ ಧೃತರಾಷ್ಟ್ರನನ್ನ ಹೆತ್ತಳು, ಅಂಬಾಲಿಕೆ ಪಾಂಡುವನ್ನ. ಅದೇ ಅರಮನೆಯಲ್ಲಿ ವಿದುರನನ್ನ ಹೆತ್ತವಳು ಬರೀ ದಾಸಿ. ಹೊಂದಿಸೋದಿರಲಿ, ಅವಳ ಹೆಸರನ್ನ ಯಾರೂ ಹೇಳಲೇ ಇಲ್ಲ. ಮುಂದೆ ಗಾಂಧಾರಿಯ ಮನೆಯಲ್ಲೂ ದುರ್ಯೋಧನ, ದುಶ್ಶಾಸನ, ದುಸ್ಸಹ ಅಂತ 'ದು'ಗಳ ಸಾಲೇ ಇದೆ. ದ್ರೌಪದಿಯನ್ನ ಸಭೆಗೆ ಎಳೆದು ತಂದ ದಿನ ಆ ನೂರು ಜನರಲ್ಲಿ ಎದ್ದು ನಿಂತು ಇದು ತಪ್ಪು ಅಂದವನು ವಿಕರ್ಣ. ಅವನ ಹೆಸರಲ್ಲಿ 'ದು' ಇಲ್ಲ! ಇದನ್ನ ನಾನು ಸಿದ್ಧಾಂತ ಮಾಡಲ್ಲ, 'ದು' ಇಲ್ಲದ ತಮ್ಮಂದಿರು ಇನ್ನೂ ಎಷ್ಟೋ ಜನ ಸುಮ್ಮನೇ ಕೂತಿದ್ದರು. ಆದರೂ ಓದುವಾಗ ಖುಷಿಯಾಗುತ್ತೆ.

ಹಾಗಾಗಿ ಹೆಸರು ಹಣೆಬರಹ ಬರೆಯುತ್ತೆ ಅಂತ ನನ್ನ ವಾದವಲ್ಲ. ಹೆಸರಿಡುವವರು ಆ ಮಗುವನ್ನ ನೋಡಿ ಇಡ್ತಾರಾ, ಅಥವಾ ಮಗುವಿನ ಹಿಂದೆ ಮುಂದೆ ನಿಂತವರನ್ನ ನೋಡಿ ಇಡ್ತಾರಾ ಅನ್ನೋದು ನನ್ನ ಪ್ರಶ್ನೆ. ನಮ್ಮ ಪಕ್ಕದ ಮಹಾರಾಷ್ಟ್ರದ ಸತಾರಾ ಜಿಲ್ಲೆಯಲ್ಲಿ ಮೇಲಿಂದ ಮೇಲೆ ಹೆಣ್ಣು ಹುಟ್ಟಿದ ಮನೆಗಳಲ್ಲಿ ಕೊನೆಯದಕ್ಕೆ 'ನಕುಶಾ' ಅಂತ ಹೆಸರಿಡುತ್ತಿದ್ದರು. ಬೇಡವಾದವಳು ಅಂತ ಅರ್ಥ. 2011ರಲ್ಲಿ ಅಲ್ಲಿ ಒಂದು ಸಮಾರಂಭ ಮಾಡಿ ಅಂಥ 285 ಹುಡುಗಿಯರಿಗೆ ಹೊಸ ಹೆಸರು ಕೊಟ್ಟರು. ಪೇಪರಿನಲ್ಲಿ ಓದಿದಾಗ ಕಣ್ಣು ತುಂಬಿತ್ತು. ಆ ಹೆಸರೂ ಒಂದು ಲೆಕ್ಕದಲ್ಲಿ ಅಕ್ಕಂದಿರಿಗೆ ಹೊಂದಿಸಿ ಇಟ್ಟದ್ದೇ ಅಲ್ವಾ? ಹುಟ್ಟಿದ ಮಗುವಿನ ಮುಖ ನೋಡಿ ಇಟ್ಟದ್ದಲ್ಲ, ಮುಂಚೆ ಹುಟ್ಟಿದವರನ್ನ ಎಣಿಸಿ ಇಟ್ಟದ್ದು. ನಾದಿನಿಯ ಮುದ್ದಾದ ಪಟ್ಟಿಗೂ ಇದಕ್ಕೂ ಹೋಲಿಕೆ ಮಾಡೋದು ಅನ್ಯಾಯ, ಗೊತ್ತು. ಅಲ್ಲಿ ತಿರಸ್ಕಾರ, ಇಲ್ಲಿ ಅಕ್ಕರೆ. ಆದರೆ ಎರಡು ಕಡೆಯೂ ಮಗುವಿನ ಮುಖ ನೋಡೋ ಮುಂಚೆ ಲೆಕ್ಕ ಶುರುವಾಗಿರುತ್ತೆ.

ಹಾಗಂತ ಬೇರೆಯವರ ನೆನಪಿಗೆ ಹೆಸರಿಡೋದೇ ತಪ್ಪಾ? ಕವಿ ರನ್ನ ತನ್ನ ಮಕ್ಕಳಿಗೆ ರಾಯ, ಅತ್ತಿಮಬ್ಬೆ ಅಂತ ಹೆಸರಿಟ್ಟ. ತನ್ನನ್ನ ಪೊರೆದ ಚಾವುಂಡರಾಯ, ಅತ್ತಿಮಬ್ಬೆಯರ ಹೆಸರು ಅವು. ಆ ಅಣ್ಣತಂಗಿಯರ ಹೆಸರು ಒಂದಕ್ಕೊಂದು ಪ್ರಾಸವಾಗೋದಿಲ್ಲ. ಒಂದೊಂದು ಹೆಸರೂ ಒಂದೊಂದು ಋಣಕ್ಕೆ ಹೊಂದುತ್ತೆ. ಅದನ್ನ ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಅಜ್ಜಿಯ ಹೆಸರು, ಮನೆದೇವರ ಹೆಸರು ಇಡುವವರದೂ ಇಂಥದೇ ಮನಸ್ಸು. ಯಾರ ನೆರಳೂ ಬೀಳದ ಹೆಸರು ಬೇಕು ಅಂತ ಹೊರಟರೆ ಯಾವ ಹೆಸರೂ ಸಿಗೋದಿಲ್ಲ. ಮಾತೆಲ್ಲ ನಮಗಿಂತ ಮುಂಚೆ ಇನ್ಯಾರೋ ಬಳಸಿದ್ದೇ ತಾನೇ.

ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು ಒಂದು ಭಾನುವಾರ ಮಾವನಿಗೆ ಫೋನ್ ಮಾಡಿದೆ. ಅವನಿಗೀಗ ಅರವತ್ತೆಂಟು. ಸುತ್ತಿ ಬಳಸಿ ಕೊನೆಗೆ ಕೇಳೇಬಿಟ್ಟೆ: "ಮಾವ, ನಿನ್ನ ಹೆಸರು ಬದಲಾಯಿಸ್ಕೋಬೇಕು ಅಂತ ಯಾವತ್ತಾದ್ರೂ ಅನ್ನಿಸಿತ್ತಾ?"

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಹೇಳಿದ. "ಹೈಸ್ಕೂಲಲ್ಲಿ ಅನ್ನಿಸಿತ್ತು ಕಣೇ. ಅಪ್ಪನ ಹತ್ರ ಹೋಗಿ ಕೇಳೂ ಕೇಳಿದ್ದೆ. ಅಪ್ಪ ಏನೂ ಅನ್ನಲಿಲ್ಲ, ಎದ್ದು ತೋಟಕ್ಕೆ ಹೋದರು. ಆಮೇಲೆ ಕೇಳೋ ಧೈರ್ಯ ಬರಲಿಲ್ಲ." ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಈಗ ಹಾಗನ್ನಿಸಲ್ಲ. ಅಪ್ಪ ಹೋದ್ರು, ಅವ್ವ ಹೋದ್ಲು. ನಿಮ್ಮಮ್ಮ ಆಗ ಹುಟ್ಟೇ ಇರಲಿಲ್ಲ. ಅವನನ್ನ ಕಣ್ಣಲ್ಲಿ ನೋಡಿದೋನು ಅಂದ್ರೆ ಈಗ ನಾನೊಬ್ಬನೇ. ಯಾರಾದ್ರೂ ಲವ ಎಲ್ಲಿ ಅಂತ ಕೇಳಿದ್ರೆ, ಸದ್ಯ ಅವನ ಹೆಸರು ಇನ್ನೊಂದ್ಸಲ ಯಾರದೋ ಬಾಯಲ್ಲಿ ಬಂತಲ್ಲ ಅನ್ಸುತ್ತೆ" ಅಂದ.

ನಾನು ತಯಾರು ಮಾಡಿಕೊಂಡಿದ್ದ ವಾದವೆಲ್ಲ ಅಲ್ಲೇ ಕುಸಿಯಿತು. ಇನ್ನೇನು ಕೇಳಬೇಕು ಅಂತ ತೋಚದೆ, "ಹಾಗಾದ್ರೆ ನಾನು ಹೊಂದೋ ಹೆಸರೇ ಇಡ್ಲಾ?" ಅಂದೆ.

"ಅದನ್ನ ನನ್ನ ಕೇಳ್ತೀಯಲ್ಲೇ" ಅಂತ ನಕ್ಕ. "ನನಗೆ ಇದನ್ನ ಒಪ್ಕೊಳ್ಳೋಕೆ ಐವತ್ತು ವರ್ಷ ಬೇಕಾಯ್ತು. ನಿನ್ನ ಮಗೂಗೆ ಅಷ್ಟು ಕೆಲಸ ಯಾಕೆ ಕೊಡ್ತೀಯ?"

ಮಾವನ ಮಾತನ್ನ ಎಷ್ಟೋ ದಿನ ಯೋಚಿಸಿದೆ. ಅಣ್ಣನ ಹೆಸರನ್ನ ತನ್ನ ಹೆಸರಿನ ಪಕ್ಕ ಇಟ್ಟುಕೊಂಡು ಬಾಳಿದ್ದು ಅವನ ದೊಡ್ಡತನ. ಆ ದೊಡ್ಡತನ ಅವನ ಸ್ವಂತದ್ದು, ಹೆಸರಿಟ್ಟವರದಲ್ಲ. ಅವರು ಕೊಟ್ಟದ್ದು ಭಾರ. ಅದನ್ನ ಪ್ರೀತಿ ಮಾಡಿಕೊಂಡವನು ಅವನು. ಒಡಹುಟ್ಟಿದವರ ನಡುವಿನ ಸಂಬಂಧವೇ ಹಾಗೆ ಅನ್ನಿಸುತ್ತೆ. ನಾವು ಅವರನ್ನ ಒಂದೇ ಮನೆಯಲ್ಲಿ ಹುಟ್ಟಿಸಬಹುದು, ಒಂದೇ ತಟ್ಟೆಯಲ್ಲಿ ಉಣಿಸಬಹುದು. ಅವರಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕು ಅನ್ನೋದು ಅವರ ಕೆಲಸ. ಅದನ್ನ ಹೆಸರಿನಲ್ಲೇ ಬರೆದಿಟ್ಟರೆ ಇಬ್ಬರಲ್ಲಿ ಯಾರೋ ಒಬ್ಬರಿಗೆ ಬಾಕಿ ಉಳಿಯುತ್ತೆ. ನಾಳೆ ಇಬ್ಬರೂ ಮಾತು ಬಿಟ್ಟರೆ? ಒಬ್ಬರು ಓದಿನಲ್ಲಿ ಮುಂದೆ, ಒಬ್ಬರು ಹಿಂದೆ ಆದರೆ? ಕರೆಯುವಾಗ ಒಂದೇ ಉಸಿರಲ್ಲಿ ಬಂದ ಹೆಸರುಗಳು ಹೋಲಿಸುವಾಗಲೂ ಒಂದೇ ಉಸಿರಲ್ಲಿ ಬರುತ್ತವೆ.

ಮಗು ಹುಟ್ಟಿತು. ಗಂಡು. ಆಸ್ಪತ್ರೆಯಲ್ಲಿ ಅದರ ಕೈಗೆ ಕಟ್ಟಿದ ಪಟ್ಟಿಯಲ್ಲಿ 'ಬೇಬಿ ಆಫ್' ಅಂತ ಬರೆದು ಮುಂದೆ ನನ್ನ ಹೆಸರು. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಹೆಸರಿನ ಜಾಗ ಖಾಲಿ ಬಿಟ್ಟರೂ ಪರವಾಗಿಲ್ಲ ಅಂತ ಫಾರಂ ತುಂಬಿಸುವ ಹುಡುಗಿ ಹೇಳಿದಳು. 1969ರ ಕಾಯ್ದೆಯಲ್ಲೇ ಅದಕ್ಕೆ ಅವಕಾಶ ಇದೆ. ಹೆಸರನ್ನ ಆಮೇಲೆ ಸೇರಿಸಬಹುದು, ಒಂದು ವರ್ಷದೊಳಗಾದರೆ ದಂಡವಿಲ್ಲ. ಸರ್ಕಾರದ ಕಾನೂನಿಗೆ ಇರೋ ತಾಳ್ಮೆ ನಮ್ಮ ನೆಂಟರಿಗೆ ಇಲ್ವಲ್ಲ ಅಂದುಕೊಂಡು ಜಾಗ ಖಾಲಿ ಬಿಟ್ಟೆವು. ಮಗುವಿನ ಮುಖ ನೋಡುತ್ತಾ, ಒಂದೊಂದು ಹೆಸರಲ್ಲಿ ಕರೆಯುತ್ತಾ ಕೆಲವು ದಿನ ಕಳೆದೆವು. ಪುಟ್ಟಿಯೂ ಕೂತಿರುತ್ತಿದ್ದಳು. ಕೊನೆಗೆ ಒಪ್ಪಿದ ಹೆಸರಿಗೂ ಅವಳ ಹೆಸರಿಗೂ ಅಕ್ಷರದಲ್ಲಿ, ಬಾಲದಲ್ಲಿ, ಅರ್ಥದಲ್ಲಿ ಎಲ್ಲೂ ನೆಂಟಸ್ತನವಿಲ್ಲ.

ನಾಮಕರಣದ ದಿನ ಅಕ್ಕಿಯ ಮೇಲೆ ಅರಿಶಿನದ ಕೊಂಬಿನಿಂದ ಇವರು ಹೆಸರು ಬರೆದರು. ನಾದಿನಿ ಸ್ವಲ್ಪ ಮುನಿಸಿನಿಂದಲೇ ಕಿವಿಯಲ್ಲಿ ಹೇಳಿದಳು, ಹೇಳುವಾಗ ಮುನಿಸು ಮರೆತಳು. ಅವಳಾದ ಮೇಲೆ ಪುಟ್ಟಿಯ ಸರದಿ ಅಂತ ಮೊದಲೇ ಮಾತಾಗಿತ್ತು. ಅವಳು ತೊಟ್ಟಿಲಿಗೆ ಬಗ್ಗಿ ಎರಡೂ ಕೈ ಅಡ್ಡ ಹಿಡಿದು ಏನೋ ಹೇಳಿದಳು. ಯಾರಿಗೂ ಕೇಳಿಸಲಿಲ್ಲ.

ಸಂಜೆ ನೆಂಟರೆಲ್ಲ ಹೋದ ಮೇಲೆ ಕೇಳಿದೆ, "ಪಾಪು ಕಿವೀಲಿ ಏನ್ ಹೇಳ್ದೆ ಪುಟ್ಟಿ?"

"ಅದರ ಹೆಸರು ಹೇಳ್ದೆ. ಆಮೇಲೆ ನನ್ನ ಹೆಸರೂ ಹೇಳ್ದೆ."

"ನಿನ್ನ ಹೆಸರು ಅದಕ್ಕೆ ಹೇಳೋಕೆ ಬರಲ್ವಲ್ಲೇ."

"ಆ ಹೆಸರಲ್ಲಮ್ಮ," ಅಂದಳು, ನನಗಿಷ್ಟೂ ಗೊತ್ತಿಲ್ಲವಲ್ಲ ಅನ್ನುವ ಹಾಗೆ. "ಅಕ್ಕ ಅಂತ ಹೇಳ್ದೆ."

ಆರು ವರ್ಷದಿಂದ ಈ ಮನೆಯಲ್ಲಿ ಅವಳನ್ನ ಯಾರೂ ಆ ಹೆಸರಿಂದ ಕರೆದಿರಲಿಲ್ಲ. ಕರೆಯುವವನು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದ. ಅವನಿಗೆ ಮಾತು ಬರೋಕೆ ಇನ್ನೂ ಒಂದು ವರ್ಷ ಬೇಕು. ಪುಟ್ಟಿ ಕಾಯೋಕೆ ತಯಾರಿದ್ದಳು.